ಮನೆ ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ?

ಸಾಗರದ ಸೊಸೆ:

ನಮಸ್ಕಾರ. ನಮ್ಮ ಮಾವನವರ ಲ್ಯಾಪ್‌ಟಾಪ್ ವಿಷಯ. ವಿಂಡೋಸ್ 11, ತಗೊಂಡು ಒಂದು ವರ್ಷದ ಮೇಲಾಯಿತು. ಜೊತೆಗೆ ಬಂದಿದ್ದ ಆಂಟಿವೈರಸ್ ಟ್ರಯಲ್ ಮುಗಿದಿದೆ. ಈಗ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೆಂಪು ಚೌಕ ಬಂದು ಬಂದು ಹೋಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ತಕ್ಷಣ ರಿನ್ಯೂ ಮಾಡಿ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಮಾವ ಹೆದರಿ ಲ್ಯಾಪ್‌ಟಾಪ್ ಮುಟ್ಟುವುದನ್ನೇ ಬಿಟ್ಟಿದ್ದಾರೆ. ಅಡಿಕೆ ಲೆಕ್ಕವೆಲ್ಲ ಅದರ ಎಕ್ಸೆಲ್‌ನಲ್ಲೇ ಇದೆ. ಬ್ಯಾಂಕ್ ವ್ಯವಹಾರವೂ ಅದರಲ್ಲೇ. ಉಳಿದ ಹೊತ್ತು ಯಕ್ಷಗಾನ ನೋಡುತ್ತಾರೆ, ಅದೂ ಯಾವ್ಯಾವುದೋ ಸೈಟಿನಲ್ಲಿ.

ಪೇಟೆಯ ಅಂಗಡಿಯವರು 3 ವರ್ಷದ ಪ್ಯಾಕ್ ಹಾಕಿಸಿ ಅಂದರು. ನಮ್ಮನೆಯವರು, ವಿಂಡೋಸ್‌ನಲ್ಲೇ ಇದೆ, ಸುಮ್ನೆ ದಂಡ ಅಂತಾರೆ. ಮಾವನಿಗೆ ಮಗನ ಮಾತಿಗಿಂತ ಅಂಗಡಿಯವರ ಮಾತಿನಲ್ಲೇ ನಂಬಿಕೆ ಜಾಸ್ತಿ. ಹಾಕಿಸುವುದಾದರೆ ಯಾವುದು? ಬೇಡ ಅಂದರೆ ಮಾವನಿಗೆ ಏನು ಹೇಳಲಿ? ನೆಟ್ ಇದೆ, ಆದರೆ ಮಳೆಗಾಲದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೆಂಗ್ವಿನ್ ಪ್ರಿಯ:

ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಮಿಂಟ್ ಹಾಕಿಬಿಡಿ. ವೈರಸ್ ಗೊಡವೆಯೇ ಬೇಡ.

ಹಾಸನ ರಿಪೇರಿ:

ಮೇಲಿನವರೇ, ಮಾವನವರ ಎಕ್ಸೆಲ್ ಫೈಲ್ ಮಿಂಟ್‌ನಲ್ಲಿ ಸ್ವಲ್ಪ ಆಚೀಚೆ ಕಂಡರೂ ರಾತ್ರಿ ಹತ್ತಕ್ಕೆ ಫೋನ್ ಬರುವುದು ಈ ಮೇಡಂಗೆ, ನಿಮಗಲ್ಲ.

ಮೇಡಂ, ಆ ಕೆಂಪು ಚೌಕ ಆಂಟಿವೈರಸ್‌ನದು ಅಂತ ನನಗೆ ಅನ್ನಿಸುತ್ತಿಲ್ಲ. ನನ್ನದು ರಿಪೇರಿ ಅಂಗಡಿ. ವೈರಸ್ ಬಂದಿದೆ ಅಂತ ತರುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಯಾವುದೋ ವಿಡಿಯೋ ಸೈಟ್ ತೆರೆದ ತಕ್ಷಣ, ಮುಂದೆ ನೋಡಲು ಅಲೋ ಒತ್ತಿ ಅನ್ನುತ್ತದೆ. ಒತ್ತಿದರೆ ಆ ಸೈಟಿಗೆ ನೋಟಿಫಿಕೇಶನ್ ಕಳಿಸಲು ನಾವೇ ಒಪ್ಪಿಗೆ ಕೊಟ್ಟ ಹಾಗೆ. ಆಮೇಲೆ ಆ ಸೈಟ್ ತೆರೆಯದೇ ಇದ್ದರೂ ಕಳಿಸುತ್ತಲೇ ಇರುತ್ತದೆ. ಚೌಕವನ್ನು ಹತ್ತಿರದಿಂದ ನೋಡಿ. ಅದರಲ್ಲಿ ಗೂಗಲ್ ಕ್ರೋಮ್ ಅಂತಲೂ, ಸಣ್ಣಕ್ಷರದಲ್ಲಿ ಯಾವುದೋ ವಿಚಿತ್ರ ಸೈಟಿನ ವಿಳಾಸವೂ ಇದ್ದರೆ ನನ್ನ ಊಹೆ ಸರಿ. ವಿಂಡೋಸ್‌ನದೇ ಎಚ್ಚರಿಕೆ ಆಗಿದ್ದರೆ ಅಲ್ಲಿ ವಿಂಡೋಸ್ ಸೆಕ್ಯೂರಿಟಿ ಅಂತ ಇರುತ್ತದೆ. ಚೌಕದ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ. ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಆಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲೋ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಬಿಡಿ.

ಇನ್ನು ಆಂಟಿವೈರಸ್. ನಿಮ್ಮನೆಯವರು ಹೇಳಿದ್ದು ಸರಿ. ಮೈಕ್ರೋಸಾಫ್ಟ್‌ನದೇ ಡಿಫೆಂಡರ್ ವಿಂಡೋಸ್ 8ರ ಕಾಲದಿಂದಲೇ ಪೂರ್ತಿ ಆಂಟಿವೈರಸ್ ಆಗಿ ಒಳಗೇ ಬರುತ್ತಿದೆ. ಜರ್ಮನಿಯ ಎವಿ-ಟೆಸ್ಟ್ ಪರೀಕ್ಷೆಗಳಲ್ಲಿ ಈಚಿನ ವರ್ಷಗಳಲ್ಲಿ ರಕ್ಷಣೆಗೆ 6ಕ್ಕೆ 6 ಅಂಕ ಹಲವು ಸಲ ತಗೊಂಡಿದೆ. ಆದರೆ ಬೇರೆ ಆಂಟಿವೈರಸ್ ಇರುವಾಗ ಅದು ಹಿಂದೆ ಸರಿದು ಕೂರುತ್ತದೆ. ಅದಕ್ಕೇ ಅವಧಿ ಮುಗಿದ ಟ್ರಯಲ್ ಇಟ್ಟುಕೊಂಡಿರಬಾರದು. ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯೂರಿಟಿ ತೆರೆದು ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಮುಂದೆ ಹಸಿರು ಟಿಕ್ ಬಂತಾ ನೋಡಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಅಲ್ಲೇ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ. ತೆರೆದಿರುವುದನ್ನೆಲ್ಲ ಸೇವ್ ಮಾಡಿಕೊಂಡು ಒತ್ತಿ. ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ.

ಮನೆ ಮಷೀನ್ ಕೆಡುವುದನ್ನು ನಾನು ನೋಡಿರುವುದು ಎರಡೇ ದಾರಿಯಲ್ಲಿ. ಒಂದು, ಅಪ್‌ಡೇಟ್ ನಿಲ್ಲಿಸಿರುವುದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಜಗತ್ತನ್ನೇ ಅಲ್ಲಾಡಿಸಿತಲ್ಲ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇನ್ನೊಂದು, ಕ್ರ್ಯಾಕ್ ಸಾಫ್ಟ್‌ವೇರ್. ಪುಕ್ಕಟೆ ಆಫೀಸ್, ಪುಕ್ಕಟೆ ಫೋಟೋಶಾಪ್, ವಿಂಡೋಸ್ ಆಕ್ಟಿವೇಟರ್. ಇವುಗಳ ಜೊತೆ ಬರುವ ಸೂಚನೆಯಲ್ಲಿ ಮೊದಲ ಸಾಲೇ ಆಂಟಿವೈರಸ್ ಆಫ್ ಮಾಡಿ ಅಂತ ಇರುತ್ತದೆ. ಆಫ್ ಮಾಡುವವರಿಗೆ ಯಾವ ಬ್ರ್ಯಾಂಡ್ ಹಾಕಿಕೊಟ್ಟು ಏನು ಪ್ರಯೋಜನ?

ಗದಗ ಡಿಟಿಪಿ:

ಹಾಸನದವರು ಬಹಳ ಮಟ್ಟಿಗೆ ಸರಿ ರೀ, ಆದರೆ ಪೂರ್ತಿ ಒಪ್ಪುವುದಿಲ್ಲ. ನಮ್ಮಲ್ಲಿ ಮದುವೆ ಕಾರ್ಡಿಗೆ, ಪ್ರಾಜೆಕ್ಟ್ ರಿಪೋರ್ಟಿಗೆ, ಅರ್ಜಿಗೆ ಅಂತ ದಿನವಿಡೀ ಪೆನ್ ಡ್ರೈವ್ ಬರುತ್ತವೆ. ಶಾರ್ಟ್‌ಕಟ್ ವೈರಸ್ ಸತ್ತುಹೋಯಿತು ಅಂದುಕೊಂಡವರು ಒಂದು ದಿನ ನಮ್ಮ ಕೌಂಟರಿಗೆ ಬಂದು ಕೂರಬೇಕು. ಫೋಲ್ಡರುಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್. ನಿಜವಾದ ಫೈಲ್ ಅಲ್ಲೇ ಅಡಗಿಸಿಟ್ಟಿರುತ್ತದೆ. ಗಿರಾಕಿ ಮಾತ್ರ, ನೀವೇ ಅಳಿಸಿದಿರಿ ಅಂತ ಜಗಳಕ್ಕೆ ನಿಲ್ಲುತ್ತಾನೆ.

ಡಿಫೆಂಡರ್ ಫೈಲ್ ತೆರೆಯುವಾಗ ನೋಡುತ್ತದೆ, ಡ್ರೈವ್ ಹಾಕಿದ ಕೂಡಲೇ ಇಡೀ ಡ್ರೈವ್ ತಾನಾಗಿ ಜಾಲಾಡುವುದಿಲ್ಲ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಅದು ಮೈಕ್ರೋಸಾಫ್ಟ್ ಕ್ಲೌಡನ್ನು, ಅಂದರೆ ನೆಟ್ ಮೂಲಕ ತಲುಪುವ ಅವರ ಸರ್ವರ್‌ಗಳನ್ನು, ನೆಚ್ಚಿಕೊಂಡಿದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ನೆಟ್ ಇದ್ದಾಗಿನದಕ್ಕಿಂತ ನೆಟ್ ಇಲ್ಲದಾಗ ಅದು ಹಿಡಿಯುವುದು ಕಡಿಮೆ ಅಂತ ಕಂಡಿದೆ. ಮಳೆಗಾಲದ ಸಾಗರಕ್ಕೆ ಇದು ಲೆಕ್ಕಕ್ಕೆ ಬರುತ್ತೆ, ಅಲ್ವಾ? ಅಂಗಡಿಗೆ ನಾನು ದುಡ್ಡು ಕೊಟ್ಟೇ ಹಾಕಿದ್ದೇನೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಎರಡೂ ನಮ್ಮ ದೇಶದವೇ. ಯಾವುದೇ ತಗೊಳ್ಳಿ, ಮೊದಲು ಟ್ರಯಲ್ ಹಾಕಿ ಮಷೀನ್ ಎಷ್ಟು ನಿಧಾನ ಆಗುತ್ತೆ ನೋಡಿ. 4 ಜಿಬಿ ರ್‍ಯಾಮ್ ಇದ್ದರೆ ಕೆಲವು ಹಾಕಿದ ಮೇಲೆ ನುಡಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು.

ಹಾಸನ ರಿಪೇರಿ:

ಡಿಟಿಪಿ ಅಂಗಡಿಗೆ ಹಾಕಿಸಿ ಅಂತ ನಾನೂ ಹೇಳುತ್ತೇನೆ. ಊರವರ ಪೆನ್ ಡ್ರೈವ್ ಬರುವ ಕಡೆ ಕಥೆಯೇ ಬೇರೆ. ನೆಟ್ ಇಲ್ಲದ ಮಾತೂ ನಿಜ. ಆದರೆ ಮಾವನವರಿಗೆ ಕೆಟ್ಟದ್ದು ಬರುವುದು ನೆಟ್ಟಿನಿಂದಲೇ. ನೆಟ್ ಹೋದ ದಿನ ಅವರಿಗೆ ಯಕ್ಷಗಾನವೂ ಇಲ್ಲ, ವೈರಸ್ಸೂ ಇಲ್ಲ. ಯಾರಾದರೂ ಪೆನ್ ಡ್ರೈವ್ ತಂದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಒತ್ತಲಿ, ಸಾಕು.

ಇನ್ನು, ಬೇರೆ ಕಂಪನಿಯ ಪುಕ್ಕಟೆ ಆಂಟಿವೈರಸ್ ಹಾಕಲಾ ಅಂತ ಮುಂದೆ ಯಾರಾದರೂ ಕೇಳೇ ಕೇಳುತ್ತಾರೆ. ಅಂಥ ಪುಕ್ಕಟೆ ಆಂಟಿವೈರಸ್ ಕೊಡುವ ಅವಾಸ್ಟ್ ತನ್ನ ಬಳಕೆದಾರರು ಯಾವ ಸೈಟ್ ನೋಡಿದರು ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಕಂಪನಿಯ ಮೂಲಕ ಮಾರುತ್ತಿತ್ತು. 2020ರಲ್ಲಿ ಅದನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಈ ವಿಷಯಕ್ಕೆ 1.65 ಕೋಟಿ ಡಾಲರ್ ಕಕ್ಕಿಸಿತು. ಒಳಗೇ ಒಂದು ಇರುವಾಗ ಇನ್ನೊಂದರ ಋಣ ಯಾಕೆ?

ಸಾಗರದ ಸೊಸೆ:

ನೋಡಿದೆ. ಕ್ರೋಮ್ ಅಂತಲೇ ಇತ್ತು! ಅಲೋ ಪಟ್ಟಿಯಲ್ಲಿ ಓದಲೂ ಆಗದ ಹೆಸರುಗಳ ಸಾಲು. ಎಲ್ಲ ತೆಗೆದೆ, ಬೆಳಗ್ಗೆಯಿಂದ ಚೌಕ ಬಂದಿಲ್ಲ. ಟ್ರಯಲ್ ತೆಗೆದ ಮೇಲೆ ಹಸಿರು ಟಿಕ್ ಕೂಡ ಬಂತು. ಮಾವ ಮಾತ್ರ, ದುಡ್ಡು ಕೊಡದೇ ಇರುವುದು ಸರಿಯಾಗಿ ಕಾಯುತ್ತದಾ ಅಂತಾರೆ.

ಹಾಸನ ರಿಪೇರಿ:

ವಿಂಡೋಸ್ ದುಡ್ಡು ಲ್ಯಾಪ್‌ಟಾಪ್ ಬಿಲ್ಲಿನಲ್ಲೇ ಸೇರಿದೆ, ಇದು ಅದರ ಜೊತೆಯದು ಅಂತ ಹೇಳಿ. ಆದರೂ ದುಡ್ಡು ಬಿಚ್ಚಲೇಬೇಕು ಅಂದರೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆಸಿಕೊಡಿ. ಅಡಿಕೆ ಲೆಕ್ಕ, ಫೋಟೋ ಎಲ್ಲ ವಾರಕ್ಕೊಮ್ಮೆ ಅದಕ್ಕೆ ಕಾಪಿ ಮಾಡಿ. ಆದ ಮೇಲೆ ವೈರ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ರ್‍ಯಾನ್ಸಮ್‌ವೇರ್ ಬಂದಾಗ ಅದನ್ನೂ ಲಾಕ್ ಮಾಡುತ್ತದೆ.

ಮಾವನವರ ಫೋನನ್ನೂ ಒಮ್ಮೆ ನೋಡಿ. ಬ್ಯಾಂಕ್ ಒಟಿಪಿ ಬರುವುದು ಅಲ್ಲಿಗೆ ತಾನೇ? ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಫೋನಿಗೆ ಆಪ್ ಹಾಕುವ ಫೈಲ್, ಬರುತ್ತವೆ. ಗುರುತಿನವರ ನಂಬರಿನಿಂದ ಬಂದರೂ ಇನ್‌ಸ್ಟಾಲ್ ಮಾಡಬಾರದು, ಅವರ ಫೋನೇ ಕಳ್ಳರ ಕೈಯಲ್ಲಿರಬಹುದು. ಖಾತೆಯಿಂದ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಈಗಲೇ ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಸಾಗರದ ಸೊಸೆ:

ಮಾಡಿದೆ. ಡಿಸ್ಕ್ 1 ಟಿಬಿ ಸಾಕಾ?

ಹಾಸನ ರಿಪೇರಿ:

ಎಕ್ಸೆಲ್‌ಗೆ ಅದರ ಮೂಲೆಯೂ ಬೇಡ. ಮೊಮ್ಮಕ್ಕಳ ವಿಡಿಯೋ ಇದ್ದರೆ 2 ಟಿಬಿ ತಗೊಳ್ಳಿ. ಬಿಲ್ ಇಟ್ಟುಕೊಳ್ಳಿ, ವಾರಂಟಿಗೆ ಬೇಕಾಗುತ್ತೆ.