ಕಲ್ಲಿನೊಳಗಿನ ಎಲೆಯನ್ನು ಬ್ರಷ್‌ನಿಂದ ಉಜ್ಜಿಬಿಟ್ಟೆ, ಹಾಳಾಯಿತಾ?

ಕಲ್ಲುಹುಚ್ಚ:
ತೆಳು ಪದರಗಳ ಬೂದು ಶೇಲ್ (ಕೆಸರು ಗಟ್ಟಿಯಾಗಿ ಆದ ಜೇಡಿಕಲ್ಲು) ತುಂಡೊಂದಕ್ಕೆ ಉಳಿಯಿಟ್ಟು ಮೆಲ್ಲಗೆ ತಟ್ಟಿದೆ. ಪುಸ್ತಕ ಬಿಚ್ಚಿದ ಹಾಗೆ ಎರಡಾಯಿತು. ಎರಡು ಹೋಳಿನಲ್ಲೂ ಒಂದೇ ಎಲೆ, ನನ್ನ ಹೆಬ್ಬೆರಳಿಗಿಂತ ಕೊಂಚ ಉದ್ದ, ಮೇಲೆ ಮಸಿ ಮೆತ್ತಿದ ಹಾಗೆ ಕಪ್ಪು. ಕೊಳೆ ಇರಬೇಕು ಅಂತ ಒಂದು ಹೋಳನ್ನು ಒದ್ದೆ ಬ್ರಷ್‌ನಿಂದ ಉಜ್ಜಿದೆ. ಈಗ ಅಲ್ಲಿ ಬರೀ ಅಚ್ಚು ಉಳಿದಿದೆ, ಅಂಚಿನ ಕಲ್ಲೂ ಸಿಪ್ಪೆ ಏಳುತ್ತಿದೆ. ಏನಾದರೂ ಕಳೆದುಕೊಂಡೆನಾ?

ಹಳೇಸುತ್ತಿಗೆ:
ಕಳೆದುಕೊಂಡಿರಿ. ನೀವು ಉಜ್ಜಿ ತೆಗೆದದ್ದು ಎಲೆಯನ್ನೇ!

ಕೆಸರಿನಲ್ಲಿ ಹೂತ ಎಲೆಯ ಮೇಲೆ ಪದರದ ಮೇಲೆ ಪದರ ಕೂತು ಅದುಮುತ್ತಾ ಹೋದಂತೆ ಅದರ ನೀರು, ಅನಿಲ ಎಲ್ಲ ಹೊರಟುಹೋಗಿ ಇಂಗಾಲದ ತೆಳು ಪೊರೆ ಉಳಿಯುತ್ತದೆ. ಆ ಪೊರೆಯೂ ಹೋದರೆ ಉಳಿಯುವುದು ಅಚ್ಚು. ಅದೃಷ್ಟವಿದ್ದರೆ ಪೊರೆಯಲ್ಲಿ ಎಲೆಯ ಮೇಣದ ಹೊರಪದರವೂ ಸಿಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಪತ್ರರಂಧ್ರಗಳನ್ನು ಎಣಿಸಿ, ಆ ಕಾಲದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತೆಂದು ಅಂದಾಜು ಮಾಡುತ್ತಾರೆ.

ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಮೊದಲ ಎಲೆಯನ್ನು ನಾನು ನಲ್ಲಿ ಕೆಳಗೇ ಹಿಡಿದವನು. ಜೇಡಿ ನೀರು ಕುಡಿದು ಉಬ್ಬಿ, ಒಣಗುವಾಗ ನಾಲ್ಕು ಚೂರಾಯಿತು. ಅಮೆರಿಕದ ಇಡಾಹೊದಲ್ಲಿ ಕ್ಲಾರ್ಕಿಯಾ ಅಂತ ಜಾಗವಿದೆ. ಅಲ್ಲಿನ ಸುಮಾರು 1.5 ಕೋಟಿ ವರ್ಷದ ಎಲೆಗಳಲ್ಲಿ ಕೆಲವು ಪದರ ಬಿಚ್ಚಿದಾಗ ಹಸಿರಾಗಿ, ಕೆಂಪಾಗಿ ಕಂಡು, ಗಾಳಿ ತಗಲಿದ ಕೆಲವೇ ನಿಮಿಷಕ್ಕೆ ಕಪ್ಪಾಗಿಬಿಡುತ್ತವೆ. ಯಾರೂ ಉಜ್ಜಬೇಕಾಗಿಲ್ಲ.

ಇನ್ನೊಂದು ಹೋಳನ್ನು ಮುಟ್ಟಬೇಡಿ. ಬೇರೆ ಕಾಗದದಲ್ಲಿ ಸುತ್ತಿ, ಎರಡಕ್ಕೂ ಒಂದೇ ನಂಬರ್ ಬರೆಯಿರಿ.

ಸಂಶಯಪ್ಪ:
ಅದು ಎಲೆಯೇ ಅಂತ ಹೇಗೆ ಗೊತ್ತು? ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್ ಕೂಡ ಜರೀಗಿಡದ ಹಾಗೆ ಕವಲೊಡೆದು ಕಪ್ಪಗೆ ಕೂರುತ್ತದೆ. ಎಷ್ಟೋ ಜನ ಅದನ್ನೇ ಪಳೆಯುಳಿಕೆ ಅಂತ ಶೋಕೇಸಿನಲ್ಲಿ ಇಟ್ಟುಕೊಂಡಿದ್ದಾರೆ.

ಕಲ್ಲುಹುಚ್ಚ:
ರಾತ್ರಿ ದೀಪ ಆರಿಸಿ ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಮಲಗಿಸಿ ನೋಡಿದೆ. ನಡುನರ ಒಂದು ಹೋಳಿನಲ್ಲಿ ತಗ್ಗು, ಇನ್ನೊಂದರಲ್ಲಿ ಉಬ್ಬು. ಉಗುರಿಗೆ ಸಿಗುತ್ತದೆ. ಪಕ್ಕದ ನರಗಳು ಸೇರಿ ಬಲೆಯಾಗಿವೆ.

ಸಂಶಯಪ್ಪ:
ಹಾಗಾದರೆ ಎಲೆಯೇ. ಮ್ಯಾಂಗನೀಸಿಗೆ ನಡುನರ ಎಲ್ಲಿಂದ ಬರಬೇಕು? ಬಲೆ ಇದೆ ಅಂದಮೇಲೆ ಅಳಿದುಹೋದ ಆ ಹಳೇ ಗಿಡ, ಗ್ಲಾಸಾಪ್ಟೆರಿಸ್ ಇರಬಹುದಾ?

ಹಳೇಸುತ್ತಿಗೆ:
ಬಲೆ ಕಂಡವರೆಲ್ಲ ಹಾಗೇ ಹಾರುತ್ತಾರೆ. ಗ್ಲಾಸಾಪ್ಟೆರಿಸ್ ಪರ್ಮಿಯನ್ ಕಾಲದ್ದು, 25 ಕೋಟಿ ವರ್ಷಕ್ಕೂ ಹಿಂದಿನದು. ಅದರ ಬಲೆಯ ನರಗಳೆಲ್ಲ ಒಂದೇ ದರ್ಜೆಯವು. ಹೂಬಿಡುವ ಗಿಡದ ಎಲೆಯಲ್ಲಾದರೆ ದಪ್ಪ ನರಗಳ ನಡುವೆ ಸಣ್ಣವು, ಸಣ್ಣವುಗಳ ನಡುವೆ ಇನ್ನೂ ಸಣ್ಣವು. ಭೂತಗನ್ನಡಿಯಲ್ಲಿ ನೋಡಿ ಹೇಳಿ. ಯಾವ ಪದರದಿಂದ ಬಂದ ಕಲ್ಲು ಅಂತಲೂ ಬೇಕು.

ಕಲ್ಲುಹುಚ್ಚ:
ಮೂರು ದರ್ಜೆ ಸ್ಪಷ್ಟವಾಗಿ ಕಾಣುತ್ತಿದೆ. ಪದರ ಗೊತ್ತಿಲ್ಲ, ಕೆಳಗೆ ಉದುರಿದ ರಾಶಿಯಿಂದ ಎತ್ತಿಕೊಂಡದ್ದು.

ಹಳೇಸುತ್ತಿಗೆ:
ಹಾಗಾದರೆ ಹೂಗಿಡದ್ದೇ. ಇನ್ನೊಮ್ಮೆ ಹೋದಾಗ ರಾಶಿಯ ಮೇಲಿನ ಗೋಡೆಯಲ್ಲಿ ಇದೇ ಬೂದು ಪದರ ಹುಡುಕಿ. ಬ್ರಷ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.