ಎಫ್‌ಎಂ2 ಬಿಟ್ಟು ಮಿರರ್‌ಲೆಸ್‌ಗೆ: ಆಕಾಶ ಯಾಕೆ ಬರೀ ಬಿಳಿ ಬರ್ತಿದೆ?

ಮೂವತ್ತಾರನೇಫ್ರೇಮ್:

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೆ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ, ಹೆಚ್ಚಾಗಿ ಕಲರ್ ನೆಗೆಟಿವ್, ಒಮ್ಮೊಮ್ಮೆ ಕಪ್ಪು-ಬಿಳುಪು. ಈಗ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫಿಲ್ಮ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾ ತಗೊಂಡಿದ್ದೀನಿ, ಲೆನ್ಸ್ ಕೂರೋ ಜಾಗ ಸೋನಿ ಇ ಮೌಂಟ್, ಬಾಡಿ ಒಳಗೇ ಅಲುಗಾಟ ತಡೆಯೋ ಸ್ಟೆಬಿಲೈಸೇಶನ್ ಇದೆ. ಹಳೇ ಎಐ-ಎಸ್ (ನಿಕಾನ್‌ನ ಮ್ಯಾನ್ಯುಯಲ್ ಫೋಕಸ್) ಲೆನ್ಸ್ ಮೂರಿವೆ: 28 ಎಫ್/2.8, 50 ಎಫ್/1.8, 135 ಎಫ್/2.8. ಅಡಾಪ್ಟರ್ ಹಾಕಿ ಇವನ್ನೇ ಬಳಸೋ ಯೋಚನೆ.

ಮುಖ್ಯ ತಲೆನೋವು ಎಕ್ಸ್‌ಪೋಷರ್‌ದು. 400ರ ರೋಲ್ ಹಾಕಿ ಮೀಟರ್ 200ಕ್ಕೆ ಇಟ್ಟು, ನೆರಳು ನೋಡಿ ಅಳೆದು ಹೊಡೆಯೋದು ರೂಢಿ. ಇಲ್ಲೂ ಹಾಗೇ ಎಕ್ಸ್‌ಪೋಷರ್ ಕಾಂಪೆನ್ಸೇಶನ್ +1 (ಒಂದು ಸ್ಟಾಪ್, ಅಂದ್ರೆ ಎರಡು ಪಟ್ಟು ಬೆಳಕು) ಇಟ್ಟರೆ ಮುಖವೇನೋ ಚೆನ್ನಾಗಿ ಬರುತ್ತೆ, ಆಕಾಶ ಮಾತ್ರ ಸುಣ್ಣ ಬಳಿದ ಗೋಡೆ. ರಾ ಫೈಲಲ್ಲಿ (ಸೆನ್ಸರ್ ಕೊಟ್ಟ ಹಾಗೇ ಉಳಿಸಿದ ಫೈಲ್) ಹೈಲೈಟ್ ಎಳೆದರೆ ಬಿಳಿ ಹೋಗಿ ಬೂದು ಬರುತ್ತೆ, ಮೋಡ ಬರಲ್ಲ.

ಇನ್ನು ಸಣ್ಣಪುಟ್ಟವು. ಅಡಾಪ್ಟರ್ ಹಾಕಿದಾಗ ಶಟರ್ ಬಟನ್ ಒತ್ತಿದರೆ ಕೆಲಸವೇ ಮಾಡಲ್ಲ. ಕಪ್ಪು-ಬಿಳುಪಿಗೆ ಇಟ್ಟುಕೊಂಡ ಕೆಂಪು ಫಿಲ್ಟರ್ ಇಲ್ಲೂ ಹಾಕಬಹುದಾ? ಹಳೇ ಆಟೋ ಥೈರಿಸ್ಟರ್ ಫ್ಲಾಶ್ (ವಾಪಸ್ ಬರೋ ಬೆಳಕು ಅಳೆದು ತಾನೇ ಆರೋದು) ಇದೆ, ಹಾಟ್‌ಶೂ (ಕ್ಯಾಮೆರಾ ತಲೆ ಮೇಲಿನ ಫ್ಲಾಶ್ ಜಾಗ) ಮೇಲೆ ಕೂರಿಸಬಹುದಾ? ಕಾರ್ಡ್ ಎಂಥದು ಸಾಕು?

ಕತ್ತಲೆಕೋಣೆ:

ಕ್ಯಾಮೆರಾದಲ್ಲಿ ದೋಷವೇನಿಲ್ಲ. ನೀವು ಅಳೆಯುವ ಕ್ರಮ ಇಲ್ಲಿ ತಲೆಕೆಳಗಾಗಬೇಕು, ಅಷ್ಟೇ.

ನೆಗೆಟಿವ್ ಮೇಲೆ ಬೆಳಕು ಹೆಚ್ಚಿದಂತೆ ಅದರ ದಟ್ಟಣೆ ನಿಧಾನವಾಗಿ ಏರುತ್ತದೆ. ಎರಡು ಸ್ಟಾಪ್ ಜಾಸ್ತಿ ಬಿದ್ದರೂ ಮೋಡದ ವಿವರ ಅದರಲ್ಲಿ ಕೂತೇ ಇರುತ್ತದೆ, ಪ್ರಿಂಟ್ ಹಾಕುವಾಗ ಬರ್ನ್ ಮಾಡಿ (ಆ ಜಾಗಕ್ಕಷ್ಟೇ ಹೆಚ್ಚು ಬೆಳಕು ಕೊಟ್ಟು) ಹೊರಗೆ ತರಬಹುದು. ಕಮ್ಮಿ ಬಿದ್ದರೆ ಮಾತ್ರ ನೆರಳು ಖಾಲಿ. ಸೆನ್ಸರ್ ಹಾಗಲ್ಲ. ಒಂದೊಂದು ಪಿಕ್ಸೆಲ್ಲೂ ಒಂದೊಂದು ಕೊಡ. ತುಂಬುವವರೆಗೆ ಅಳತೆ ಕರಾರುವಾಕ್ಕು, ತುಂಬಿದ ಮೇಲೆ ಸುರಿದದ್ದೆಲ್ಲ ಚೆಲ್ಲಿಹೋಯಿತು. ಚೆಲ್ಲಿದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಅದಕ್ಕೇ ನಿಮಗೆ ಬೂದು ಸಿಗುತ್ತಿರುವುದು. ಸ್ಲೈಡ್ ಫಿಲ್ಮ್ ಹೊಡೆದವರಿಗೆ ಈ ಶಿಸ್ತು ಪರಿಚಿತ. ನೆಗೆಟಿವ್‌ನಿಂದ ನೇರ ಬಂದವರಿಗೇ ಇದು ಎಡವುವ ಜಾಗ.

ಹೀಗೆ ಮಾಡಿ ನೋಡಿ. ಎಂ (ಮ್ಯಾನ್ಯುಯಲ್) ಮೋಡ್, ಐಎಸ್‌ಒ 100, ಸ್ಪಾಟ್ ಮೀಟರಿಂಗ್ (ಚಿಕ್ಕ ಜಾಗವನ್ನಷ್ಟೇ ಅಳೆಯುವುದು). ವಿವರ ಬೇಕೇಬೇಕು ಅನ್ನಿಸುವ ಅತಿ ಬೆಳ್ಳಗಿನ ಜಾಗಕ್ಕೆ, ಅಂದರೆ ಬಿಸಿಲು ಬಿದ್ದ ಮೋಡವೋ ಬಿಳಿ ಅಂಗಿಯೋ ಅದಕ್ಕೆ ಹಿಡಿದು, ಮೀಟರ್ +2 ತೋರುವಂತೆ ಶಟರ್ ಹೊಂದಿಸಿ. ಮೀಟರ್ ಸೊನ್ನೆ ಎಂದರೆ ನಡುಬೂದು. ಬಿಳಿಯನ್ನು ಸೊನ್ನೆಗೆ ತಂದರೆ ಅದು ಮಂಕಾಗುತ್ತದೆ, ಎರಡು ಸ್ಟಾಪ್ ಮೇಲಿಟ್ಟರೆ ಬಿಳಿಯಾಗಿಯೂ ವಿವರದೊಂದಿಗೂ ಉಳಿಯುತ್ತದೆ. ಸೂರ್ಯ, ನೀರಿನ ಮಿನುಗು, ಲೋಹದ ಹೊಳಪು ಇವು ಬೆಂದುಹೋದರೆ ಹೋಗಲಿ, ಅವುಗಳಲ್ಲಿ ನೋಡುವಂಥದ್ದೇನೂ ಇರುವುದಿಲ್ಲ.

+2 ಎಂಬುದು ಸುರಕ್ಷಿತ ಆರಂಭ ಮಾತ್ರ. ನಿಮ್ಮ ಕ್ಯಾಮೆರಾದ ನಿಜವಾದ ಮಿತಿಯನ್ನು ನೀವೇ ಅಳೆದುಕೊಳ್ಳಬೇಕು, ಹೊಸ ಫಿಲ್ಮಿಗೆ ಟೆಸ್ಟ್ ರೋಲ್ ಹೊಡೆಯುತ್ತಿದ್ದ ಹಾಗೆ. ನೂಲಿನ ಎಳೆ ಕಾಣುವ ಬಿಳಿ ಟವೆಲ್ ಒಂದನ್ನು ಒಂದೇ ಸಮನಾದ ಬೆಳಕಿನಲ್ಲಿ ತೂಗುಹಾಕಿ, ಸ್ಪಾಟ್ ಮೀಟರ್ ಸೊನ್ನೆಯಿಂದ +4ರವರೆಗೆ ಮೂರನೇ ಒಂದು ಸ್ಟಾಪ್‌ನಂತೆ ಏರಿಸುತ್ತ 13 ಫ್ರೇಮ್ ತೆಗೆಯಿರಿ. ರಾ ಕನ್ವರ್ಟರ್‌ನಲ್ಲಿ ಎಲ್ಲದರ ಎಕ್ಸ್‌ಪೋಷರನ್ನೂ ಒಂದೇ ಮಟ್ಟಕ್ಕೆ ಇಳಿಸಿ. ಎಳೆ ಕಾಣದಾಗುವ, ಇಲ್ಲವೇ ಬಿಳಿಗೆ ಯಾವುದೋ ಬಣ್ಣ ತಿರುಗುವ ಮೊದಲ ಫ್ರೇಮ್ ಯಾವುದೋ ಅದರ ಹಿಂದಿನದೇ ನಿಮ್ಮ ಮಿತಿ. ಆ ಸಂಖ್ಯೆ ತಲೆಯಲ್ಲಿದ್ದರೆ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ; ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ) ಇಣುಕುವ ಕೆಲಸ ಅರ್ಧ ಕಮ್ಮಿಯಾಗುತ್ತದೆ.

ಹಿಸ್ಟೋಗ್ರಾಂ ಬಗ್ಗೆ ಒಂದು ಎಚ್ಚರ. ಕ್ಯಾಮೆರಾ ತೋರಿಸುವುದು ಜೆಪೆಗ್‌ನ ಹಿಸ್ಟೋಗ್ರಾಂ, ರಾ ಫೈಲ್‌ನದ್ದಲ್ಲ. ರಾದಲ್ಲಿ ಇನ್ನೂ ಜಾಗ ಇರುವಾಗಲೇ ಅದು ಬಲಗೋಡೆಗೆ ತಾಗಿದಂತೆ ಕಾಣುತ್ತದೆ. ಮೆನುವಿನ ಕ್ರಿಯೇಟಿವ್ ಸ್ಟೈಲ್‌ನಲ್ಲಿ (ಹೊಸ ಮಾದರಿಗಳಲ್ಲಿ ಕ್ರಿಯೇಟಿವ್ ಲುಕ್) ಕಾಂಟ್ರಾಸ್ಟ್ ತಗ್ಗಿಸಿಟ್ಟರೆ ಈ ಅಂತರ ಕಿರಿದಾಗುತ್ತದೆ. ಮತ್ತೆ, ಕೆಂಪು ದಾಸವಾಳದಂಥದ್ದನ್ನು ತೆಗೆಯುವಾಗ ಒಟ್ಟು ಹಿಸ್ಟೋಗ್ರಾಂ ನೆಟ್ಟಗಿದ್ದರೂ ಕೆಂಪು ಚಾನೆಲ್ ಒಂದೇ ತುಂಬಿ ದಳದ ಗೆರೆಗಳೆಲ್ಲ ಅಳಿಸಿಹೋಗಿರಬಹುದು. ಮೂರೂ ಬಣ್ಣವನ್ನು ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿ. ಶಟರ್ ಒತ್ತುವ ಮೊದಲೇ ತಿಳಿಯಬೇಕೆಂದರೆ ಝೀಬ್ರಾ ಆನ್ ಮಾಡಿ 100+ ಇಡಿ, ಬೆಂದುಹೋಗುವ ಜಾಗದ ಮೇಲೆ ಪಟ್ಟೆ ಓಡುತ್ತದೆ.

ಹೀಗೆ ತೆಗೆದರೆ ಮುಖ ಕಪ್ಪಗೆ ಬರುತ್ತದೆ, ಗಾಬರಿ ಬೇಡ. ಐಎಸ್‌ಒ 100ರಲ್ಲಿ ತೆಗೆದ ರಾ ಫೈಲಿನ ನೆರಳನ್ನು ಎರಡು ಸ್ಟಾಪ್ ಎತ್ತಿದರೂ ಹೊಸ ಸೆನ್ಸರ್‌ಗಳು ತಡೆದುಕೊಳ್ಳುತ್ತವೆ. 3200ರಲ್ಲಿ ಆ ಸಲಿಗೆ ಇಲ್ಲ, ಎತ್ತಿದ ಕೂಡಲೇ ಬಣ್ಣದ ಚುಕ್ಕೆ ಏಳುತ್ತದೆ.

ಬಿಸಿಲುಕುದುರೆ:

ಇಷ್ಟೆಲ್ಲ ಯಾಕೆ ಸರ್, ಕಾಂಪೆನ್ಸೇಶನ್ −0.7ಕ್ಕೆ ಇಟ್ಟು ಮರೆತುಬಿಡಿ. ಆಕಾಶ ಉಳಿಯುತ್ತೆ, ನೆರಳನ್ನ ಆಮೇಲೆ ಎತ್ತಿಕೊಂಡರಾಯ್ತು.

ಕತ್ತಲೆಕೋಣೆ:

ಬಿಸಿಲುಕುದುರೆಯವರೇ, ಬಿಸಿಲಿನಲ್ಲಿ ಅದು ನಡೆಯುತ್ತದೆ. ಮೋಡ ಕವಿದ ದಿನ, ಮನೆಯೊಳಗೆ, ಮಂಜಿನಲ್ಲಿ ಕೊಡ ಅರ್ಧವೂ ತುಂಬಿರುವುದಿಲ್ಲ. ಅಲ್ಲಿ −0.7 ಎಂದರೆ ಸಿಗುತ್ತಿದ್ದ ಬೆಳಕನ್ನು ಸುಮ್ಮನೆ ಬಿಟ್ಟಂತೆ, ಆ ನಷ್ಟ ನಾಯ್ಸ್ ಆಗಿ ನೆರಳಿನಲ್ಲಿ ಕಾಣುತ್ತದೆ. ಮಂಜಿನ ದೃಶ್ಯಕ್ಕೆ +1 ಬೇಕಾಗುವುದೇ ಹೆಚ್ಚು. ಒಂದೇ ಸಂಖ್ಯೆಯನ್ನು ಎಲ್ಲದಕ್ಕೂ ಕಟ್ಟಿಹಾಕಿದರೆ ಮೂವತ್ತಾರನೇಫ್ರೇಮ್ ಅವರ +1 ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

ಕೆಂಪು ಫಿಲ್ಟರ್ ಬೇಡ. ಸೆನ್ಸರ್ ಮೇಲಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಲೆನ್ಸ್ ಮುಂದೆ ಕೆಂಪು ಗಾಜು ಇಟ್ಟರೆ ನಾಲ್ಕರಲ್ಲಿ ಮೂರು ಹೆಚ್ಚುಕಮ್ಮಿ ಕುರುಡು. ಬಣ್ಣದಲ್ಲೇ ರಾ ತೆಗೆದು, ಕಪ್ಪು-ಬಿಳುಪಿಗೆ ತಿರುಗಿಸುವಾಗ ನೀಲಿಯನ್ನು ಇಳಿಸಿದರೆ ಕೆಂಪು ಫಿಲ್ಟರ್ ಕೊಡುತ್ತಿದ್ದ ಕಡುಗಪ್ಪು ಆಕಾಶವೇ ಬರುತ್ತದೆ. ತೀರಾ ಎಳೆದರೆ ಆಕಾಶದಲ್ಲಿ ಚುಕ್ಕೆ, ಮರದಂಚಿನಲ್ಲಿ ಬಿಳಿಗೆರೆ ಏಳುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಕ್ರಿಯೇಟಿವ್ ಸ್ಟೈಲನ್ನು ಮೊನೊಕ್ರೋಮ್‌ಗೆ ಇಟ್ಟರೆ ವ್ಯೂಫೈಂಡರ್‌ನಲ್ಲಿ ಕಪ್ಪು-ಬಿಳುಪೇ ಕಾಣುತ್ತದೆ, ರಾದಲ್ಲಿ ಬಣ್ಣ ಭದ್ರ. ಪೋಲರೈಸರ್, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್‌ಗಳನ್ನು ಎಸೆಯಬೇಡಿ, ಅವುಗಳ ಕೆಲಸವನ್ನು ಸಾಫ್ಟ್‌ವೇರ್ ಮಾಡಲಾರದು.

ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡದೆ ಡೇಲೈಟ್‌ಗೆ ಕಟ್ಟಿ. ಹೊರಾಂಗಣದ ಫಿಲ್ಮ್ ಸುಮಾರು 5500 ಕೆಲ್ವಿನ್‌ಗೆ ಹೊಂದಿದ್ದೇ ಅಲ್ಲವೇ, ಸಂಜೆಗೆಂಪು ಕೆಂಪಾಗಿಯೇ ಬರುತ್ತಿತ್ತು. ಆಟೋ ಅದನ್ನು ತಿದ್ದಲು ಹೋಗಿ ಕೆಡಿಸುತ್ತದೆ, ಫ್ರೇಮಿನಿಂದ ಫ್ರೇಮಿಗೆ ಬಣ್ಣವನ್ನೂ ಬದಲಿಸುತ್ತದೆ.

ತಿರುಪುಳಿ:

ಲೆನ್ಸ್ ವಿಷಯ ನಾನು ಹೇಳ್ತೀನಿ.

ಶಟರ್ ಬೀಳದೇ ಇರೋದಕ್ಕೆ ಕಾರಣ, ಅಡಾಪ್ಟರ್‌ನಲ್ಲಿ ವಿದ್ಯುತ್ ಸಂಪರ್ಕ ಇಲ್ಲ, ಹಾಗಾಗಿ ಕ್ಯಾಮೆರಾ ಲೆನ್ಸೇ ಇಲ್ಲ ಅಂದ್ಕೊಂಡಿದೆ. ಮೆನುವಿನಲ್ಲಿ 'ರಿಲೀಸ್ ವಿದೌಟ್ ಲೆನ್ಸ್' ಹುಡುಕಿ ಎನೇಬಲ್ ಮಾಡಿ. ಪಕ್ಕದಲ್ಲೇ 'ರಿಲೀಸ್ ವಿದೌಟ್ ಕಾರ್ಡ್' ಇರುತ್ತೆ, ಅದನ್ನ ಕಡ್ಡಾಯವಾಗಿ ಡಿಸೇಬಲ್ ಮಾಡಿ. ಇಲ್ಲಾಂದ್ರೆ ರೋಲ್ ಹಾಕದೆ 36 ಹೊಡೆದ ಕಥೆ ಆಗುತ್ತೆ.

ಸ್ಟೆಬಿಲೈಸೇಶನ್ ಅನ್ನ ಮ್ಯಾನ್ಯುಯಲ್‌ಗೆ ಹಾಕಿ ಫೋಕಲ್ ಲೆಂತ್ ನೀವೇ ಕೊಡಬೇಕು. 50 ಲೆನ್ಸಿಗೆ 50 ಅಂತಲೇ ಕೊಡಿ, 75 ಅಲ್ಲ. ಲೆನ್ಸ್ ಬದಲಿಸಿದಾಗ ಇದನ್ನೂ ಬದಲಿಸಿ. 28 ಹಾಕಿಕೊಂಡು 135 ಅಂತ ಬಿಟ್ಟರೆ ಅದು ಅಲುಗಾಟಕ್ಕಿಂತ ಜಾಸ್ತಿ ತಿದ್ದಿ ಚಿತ್ರ ಇನ್ನೂ ಹಾಳಾಗುತ್ತೆ. ಆಟೋ ಐಎಸ್‌ಒ ಬಳಸೋದಾದ್ರೆ ಕನಿಷ್ಠ ಶಟರ್ ಸ್ಪೀಡ್ 1/125 ಅಂತ ನಂಬರ್ ಕೊಟ್ಟು ಕಟ್ಟಿಹಾಕಿ, 135ಕ್ಕೆ 1/250. ಯಾವ ಲೆನ್ಸ್ ಅಂತ ಗೊತ್ತಿಲ್ಲದ ಕ್ಯಾಮೆರಾಗೆ ಅದನ್ನ ಊಹಿಸೋಕೆ ಬರಲ್ಲ.

ನೋಟದ ಅಗಲ 1.5 ಪಟ್ಟು ಕಿರಿದು: 28 ಈಗ 42ರ ಹಾಗೆ, 50 ಅಂದ್ರೆ 75, 135 ಅಂದ್ರೆ 200ರ ಆಸುಪಾಸು. ಹಳೇ 28ರ ಅಗಲ ಬೇಕಾದ್ರೆ 18 ಅಥವಾ 19 ಎಂಎಂ ಲೆನ್ಸ್ ಬೇಕು, ಅದನ್ನ ಇದೇ ಮೌಂಟ್‌ನಲ್ಲಿ ಹೊಸದು ನೋಡೋದು ಒಳ್ಳೇದು.

ಫೋಕಸ್‌ಗೆ ಎಫ್‌ಎಂ2ನ ಸ್ಪ್ಲಿಟ್ ಇಮೇಜ್ (ಫೋಕಸ್ ಆದಾಗ ಎರಡು ಅರ್ಧ ಚಿತ್ರ ಕೂಡಿಕೊಳ್ಳೋದು) ಇಲ್ಲಿಲ್ಲ. ಪೀಕಿಂಗ್ (ಚುರುಕಾದ ಅಂಚಿಗೆ ಬಣ್ಣ ಹಚ್ಚಿ ತೋರಿಸೋದು) ಬರೀ ದಾರಿ ತೋರಿಸುತ್ತೆ, ಎಫ್/1.8ರಲ್ಲಿ ಅದನ್ನ ನಂಬಿದ್ರೆ ಕಣ್ಣಿನ ಬದಲು ಕಿವಿ ಚುರುಕಾಗಿರುತ್ತೆ. ಮ್ಯಾಗ್ನಿಫೈ ಅನ್ನ ಕೈಗೆ ಸಿಗೋ ಬಟನ್‌ಗೆ ಹಾಕಿಕೊಳ್ಳಿ. ಅಪರ್ಚರ್ ಪೂರ್ತಿ ತೆಗೆದು ಫೋಕಸ್ ಮಾಡಿ, ಆಮೇಲೆ ರಿಂಗ್ ತಿರುಗಿಸಿ ಮುಚ್ಚಿ. ಅಡಾಪ್ಟರ್‌ನಲ್ಲೂ ಒಂದು ಅಪರ್ಚರ್ ರಿಂಗ್ ಇದ್ದರೆ (ತಮ್ಮದೇ ಅಪರ್ಚರ್ ರಿಂಗ್ ಇಲ್ಲದ ಜಿ ಲೆನ್ಸ್‌ಗಳಿಗೆ ಇರೋದು) ಅದನ್ನ ಪೂರ್ತಿ ಮುಚ್ಚೋ ತುದಿಗೆ ಇಟ್ಟುಬಿಡಿ. ಇಲ್ಲಾಂದ್ರೆ ಲೆನ್ಸಿನ ರಿಂಗ್ ಎಷ್ಟು ತಿರುಗಿಸಿದ್ರೂ ಬ್ಲೇಡ್ ಅಲುಗಲ್ಲ.

ಭೂದೃಶ್ಯ ಅಂದ ಕೂಡಲೇ ಎಫ್/16 ಅನ್ನೋ ಅಭ್ಯಾಸವನ್ನೂ ಬಿಡಿ. ಈ ಸೆನ್ಸರಿನ ಪಿಕ್ಸೆಲ್ ಅಗಲ 4 ಮೈಕ್ರಾನ್ ಕೂಡ ಇಲ್ಲ. ಎಫ್/16ರಲ್ಲಿ ಡಿಫ್ರಾಕ್ಷನ್‌ನಿಂದ ಒಂದು ಬೆಳಕಿನ ಬಿಂದು 20 ಮೈಕ್ರಾನ್ ದಾಟಿ ಹರಡುತ್ತೆ. ಎಫ್/5.6ರಿಂದ ಎಫ್/8 ಸಾಕು, ಎಫ್/11 ಅನಿವಾರ್ಯ ಆದ್ರೆ ಮಾತ್ರ.

ಧೂಳು. ಫಿಲ್ಮ್ ಪ್ರತಿ ಸಲ ಮುಂದೆ ಸರಿಯೋದ್ರಿಂದ ಧೂಳೂ ಅದರ ಜೊತೆ ಹೋಗ್ತಿತ್ತು. ಸೆನ್ಸರ್ ಕೂತಲ್ಲೇ ಕೂತಿರುತ್ತೆ, ಒಂದು ಕಣ ಬಿದ್ದರೆ ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ ಹಾಜರ್. ಎಫ್/16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಖಾಲಿ ಆಕಾಶ ತೆಗೆದು ನೋಡಿ, ಬೂದು ಚುಕ್ಕೆ ಕಂಡ್ರೆ ಇದೆ ಅಂತ. ಮೊದಲು ಮೆನುವಿನ ಕ್ಲೀನಿಂಗ್ ಮೋಡ್, ಆಮೇಲೆ ಬಾಡಿ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್. ಬಾಯಲ್ಲಿ ಊದಿದ್ರೆ ಎಂಜಲು, ಕ್ಯಾನ್ ಗಾಳಿ ಹೊಡೆದ್ರೆ ಅದರೊಳಗಿನ ದ್ರವ ಬೀಳುತ್ತೆ, ಎರಡೂ ಕೂಡದು. ಅದಕ್ಕೂ ಹೋಗದಿದ್ರೆ ಎಪಿಎಸ್-ಸಿ ಅಳತೆಯ 16 ಎಂಎಂ ಸ್ವಾಬ್, ಎರಡು ಹನಿ ದ್ರವ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಸಲ, ತಿರುವಿ ವಾಪಸ್ ಒಂದು ಸಲ, ಎಸೆಯಿರಿ.

ಫ್ಲಾಶ್ ಅನ್ನ ಅಳೆಯದೆ ಕೂರಿಸಬೇಡಿ. ಹಳೇ ಫ್ಲಾಶ್‌ಗಳಲ್ಲಿ ಕೆಲವದರ ಟ್ರಿಗರ್ ವೋಲ್ಟೇಜ್ 200 ದಾಟುತ್ತೆ. ಹೊಸ ಸೆಲ್ ಹಾಕಿ ಆನ್ ಮಾಡಿ, ರೆಡಿ ದೀಪ ಬಂದ ಮೇಲೆ ಮಲ್ಟಿಮೀಟರ್ ಅನ್ನ ಡಿಸಿಗೆ ಇಟ್ಟು, ಫ್ಲಾಶ್ ಕಾಲಿನ ನಡುವಿನ ಪಿನ್‌ಗೆ ಒಂದು ಕಡ್ಡಿ, ಪಕ್ಕದ ಲೋಹದ ಅಂಚಿಗೆ ಇನ್ನೊಂದು. 6 ವೋಲ್ಟ್ ಒಳಗಿದ್ದರೆ ನಿಶ್ಚಿಂತೆ.

ಕಾರ್ಡ್: 64 ಜಿಬಿ, ವಿ30 (ಬರೆಯೋ ವೇಗದ ದರ್ಜೆ) ಗುರುತಿನದು ಎರಡು. ರಾ ಜೊತೆ ಜೆಪೆಗ್ ಸೇರಿ ಒಂದು ಫ್ರೇಮ್ 35 ಎಂಬಿ ಅಂತ ಹಿಡಿದ್ರೂ 1,800 ಚಿತ್ರ. ಬ್ಯಾಟರಿನೂ ಎರಡು ಇರಲಿ. ಎಫ್‌ಎಂ2ನ ಶಟರ್‌ಗೆ ಸೆಲ್ಲೇ ಬೇಕಿರಲಿಲ್ಲ, ಇದು ಸೆಲ್ ಸತ್ತರೆ ಬರೀ ಇಟ್ಟಿಗೆ.

ಮೂವತ್ತಾರನೇಫ್ರೇಮ್:

ಇಬ್ಬರಿಗೂ ತುಂಬಾ ಧನ್ಯವಾದ. ಟವೆಲ್ ಪರೀಕ್ಷೆಯಲ್ಲಿ +3 ತನಕ ಎಳೆ ಕಾಣ್ತಿದೆ, +3.3ಕ್ಕೆ ತಿಳಿಗುಲಾಬಿಗೆ ತಿರುಗಿತು. ಶಟರ್ ಈಗ ಬೀಳ್ತಿದೆ. ಫ್ಲಾಶ್ ಅಳೆದೆ, 212 ವೋಲ್ಟ್!

ಹೊಸ ಸಮಸ್ಯೆ: 135ರಲ್ಲಿ ನೂರು ಮೀಟರ್ ಆಚೆಯ ಮರ ಚುರುಕಾಗಿದೆ. 28ರಲ್ಲಿ ಎಫ್/2.8ಕ್ಕೆ, ರಿಂಗ್ ∞ ತನಕ ತಿರುಗಿಸಿದರೂ ಅದೇ ಮರ ಮಬ್ಬು. ಲೆನ್ಸ್ ಹೋಯ್ತಾ?

ತಿರುಪುಳಿ:

ಲೆನ್ಸ್‌ಗಿಂತ ಮೊದಲು ಅಡಾಪ್ಟರ್ ಮೇಲೆ ಅನುಮಾನ ಪಡಿ. ನಿಕಾನ್ ಎಫ್ ಮೌಂಟ್‌ನಿಂದ ಫಿಲ್ಮಿಗಿರೋ ದೂರ 46.5 ಎಂಎಂ, ಸೋನಿ ಇ ಮೌಂಟ್‌ನಿಂದ ಸೆನ್ಸರ್‌ಗೆ 18 ಎಂಎಂ, ಹಾಗಾಗಿ ಅಡಾಪ್ಟರ್ ದಪ್ಪ 28.5 ಎಂಎಂ ಇರಬೇಕು. ಸಾಮಾನ್ಯವಾಗಿ ತಯಾರಕರು ಕೂದಲೆಳೆಯಷ್ಟು ತೆಳ್ಳಗೇ ಮಾಡ್ತಾರೆ, ಆಗ ∞ ಗುರುತಿಗಿಂತ ಮೊದಲೇ ದೂರದ್ದು ಚುರುಕಾಗುತ್ತೆ, ತೊಂದರೆ ಇಲ್ಲ. ನಿಮ್ಮದು ದಪ್ಪ ಆಗಿರೋ ಹಾಗಿದೆ. ದಪ್ಪ ಆದ್ರೆ ಪೆಟ್ಟು ಬೀಳೋದು ವೈಡ್ ಲೆನ್ಸಿಗೆ. ಲೆಕ್ಕ ಸುಲಭ: ಫೋಕಲ್ ಲೆಂತ್‌ನ ವರ್ಗವನ್ನ ಹೆಚ್ಚಾದ ದಪ್ಪದಿಂದ ಭಾಗಿಸಿ. 0.1 ಎಂಎಂ ಹೆಚ್ಚಿದ್ದರೆ 135 ಲೆನ್ಸ್ 180 ಮೀಟರ್ ತನಕ ಫೋಕಸ್ ಆಗುತ್ತೆ, 50 ಆದ್ರೆ 25 ಮೀಟರ್, 28 ಬರೀ 7.8 ಮೀಟರ್‌ಗೆ ನಿಂತುಬಿಡುತ್ತೆ. ನೀವು ಕಂಡದ್ದಕ್ಕೆ ಇದು ಸರಿಹೊಂದುತ್ತೆ.

ಖಾತ್ರಿ ಮಾಡೋಕೆ 28 ಅನ್ನ ಎಫ್‌ಎಂ2ಗೆ ಹಾಕಿ, ದೂರದ ಕಂಬಕ್ಕೆ ಹಿಡಿದು ∞ಗೆ ತಿರುಗಿಸಿ. ಸ್ಪ್ಲಿಟ್ ಇಮೇಜ್ ಕೂಡಿಕೊಂಡ್ರೆ ಲೆನ್ಸ್ ಸರಿ ಇದೆ, ಅಡಾಪ್ಟರ್ ತಪ್ಪು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಡಾಪ್ಟರ್‌ನ ಎರಡೂ ಮೌಂಟ್ ಮುಖಗಳ ನಡುವಿನ ದಪ್ಪವನ್ನ ನಾಲ್ಕು ಕಡೆ ಅಳೆಯಿರಿ. ನಾಲ್ಕೂ ಕಡೆ ಒಂದೇ ಇಲ್ಲದಿದ್ರೆ ವಾಪಸ್ ಕೊಡಿ, ಒಂದು ಅಂಚು ಯಾವಾಗಲೂ ಮಬ್ಬು ಬರುತ್ತೆ. ಒಂದೇ ಸಮ ದಪ್ಪ ಇದ್ದು, ತಿರುಪು ಬಿಚ್ಚಿದಾಗ ಒಳಗೆ ತೆಳು ಲೋಹದ ಶಿಮ್ ಸಿಕ್ಕರೆ ಒಂದನ್ನ ತೆಗೆದು ನೋಡಬಹುದು. ಬದಲಿಸೋ ತನಕ 28 ಅನ್ನ ಎಫ್/8ರಲ್ಲಿ ಬಳಸಿ. ಆಗ ಹೈಪರ್‌ಫೋಕಲ್ ದೂರ (ಅಲ್ಲಿಗೆ ಅಥವಾ ಅದರಾಚೆ ಫೋಕಸ್ ಮಾಡಿದ್ರೆ ∞ ತನಕ ಒಪ್ಪುವಷ್ಟು ಚುರುಕು) 5 ಮೀಟರ್ ಆಸುಪಾಸು, ಫೋಕಸ್ 7.8ರಲ್ಲಿ ನಿಂತಿದ್ರೂ ಮರ ಒಪ್ಪುವಷ್ಟು ಚುರುಕಾಗಿರುತ್ತೆ.

212 ವೋಲ್ಟ್ ಫ್ಲಾಶ್ ಹಾಟ್‌ಶೂಗೆ ಬೇಡ. ಅಷ್ಟು ವೋಲ್ಟೇಜ್ ತಡೆಯುತ್ತೆ ಅಂತ ಕೈಪಿಡಿಯಲ್ಲೇ ಬರೆದಿರೋ ರೇಡಿಯೋ ಟ್ರಿಗರ್‌ನ ರಿಸೀವರ್ ಮೇಲೆ ಕೂರಿಸಿ, ಕ್ಯಾಮೆರಾದಿಂದ ದೂರ ಇಡಿ. ಫ್ಲಾಶ್‌ನ ಆಟೋ ಕಣ್ಣು ವಸ್ತುವಿನ ಕಡೆ ಮುಖ ಮಾಡಿರಲಿ. ಅದರ ಡಯಲ್‌ನಲ್ಲಿರೋ ಐಎಸ್‌ಒ, ಅಪರ್ಚರ್ ಎರಡನ್ನೂ ಕ್ಯಾಮೆರಾದಲ್ಲಿ ಹಾಗೇ ಇಟ್ಟು ಶಟರ್ 1/125. ವ್ಯೂಫೈಂಡರ್ ಕಪ್ಪಾದ್ರೆ ಮೆನುವಿನಲ್ಲಿ 'ಸೆಟ್ಟಿಂಗ್ ಎಫೆಕ್ಟ್' ಆಫ್ ಮಾಡಿ. ಫ್ಲಾಶ್ ಬೆಳಕು ಬರುತ್ತೆ ಅಂತ ಅದಕ್ಕೆ ಗೊತ್ತಿರಲ್ಲ, ಕೋಣೆಯ ಬೆಳಕಿಗೆ ಚಿತ್ರ ಹೇಗೆ ಬರುತ್ತೋ ಅದನ್ನೇ ತೋರಿಸ್ತಿರುತ್ತೆ.