ಬಾಕ್ಸ್‌ಸ್ಟರ್‌ಗೆ ಅಂಡರ್‌ಡ್ರೈವ್ ಪುಲ್ಲಿ: ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ (ವೈಟ್‌ಫೀಲ್ಡ್): ನನ್ನದು 2008ರ ಪೋರ್ಷೆ ಬಾಕ್ಸ್‌ಸ್ಟರ್, 2.7 ಲೀಟರ್. ವಾರದ ದಿನಗಳಲ್ಲಿ ಹೊರವರ್ತುಲ ರಸ್ತೆ, ಭಾನುವಾರ ನಂದಿ ಬೆಟ್ಟದ ಕಡೆ. ಎಸಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗಳ ಬೆಲ್ಟನ್ನು ಓಡಿಸುವ ಕ್ರ್ಯಾಂಕ್ (ಎಂಜಿನ್ ದಂಡದ) ಪುಲ್ಲಿ ತೆಗೆದು, ಅವು ನಿಧಾನವಾಗಿ ತಿರುಗಿ ಎಂಜಿನ್ ಹೊರೆ ಇಳಿಯಲೆಂದು ಚಿಕ್ಕದನ್ನು, ಅಂದರೆ ಅಂಡರ್‌ಡ್ರೈವ್ ಪುಲ್ಲಿ, ಹಾಕಿಸುವ ಆಸೆಯಿದೆ. ಎಸಿ, ಚಾರ್ಜಿಂಗ್‌ಗೆ ತೊಂದರೆಯಾಯಿತೇ? ಎಂಜಿನ್ ಇಳಿಸಬೇಕೇ?

ರಾಜಾಜಿನಗರ: ಬೇಡ. ನನ್ನ 2016ರ ಫೋರ್ಡ್ ಮಸ್ಟಾಂಗ್ ವಿ8ಗೆ ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿದೆ. ಪುಲ್ಲಿಗೆ 31,000, ಸಾಗಣೆ ಮತ್ತು ಸುಂಕಕ್ಕೆ 17,400, ಬೆಲ್ಟ್‌ಗೆ 4,200, ಕೂಲಿ 9,000. ಒಟ್ಟು 61,600 ರೂಪಾಯಿ. ಮೊದಲ ವಾರ ಎಂಜಿನ್ ಹಗುರವಾಗಿ ಮೇಲೇರುವುದು ಕಾಲಿಗೆ ತಿಳಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಎರಡನೇ ವಾರ ಸಿಲ್ಕ್ ಬೋರ್ಡ್‌ನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡಾಗ ಎಸಿ ತಂಪೇ ಕೊಡಲಿಲ್ಲ. ಜೂನ್ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಎಸಿ ಮೂರನ್ನೂ ಹಾಕಿಕೊಂಡು ತೆವಳುವಾಗ ವೋಲ್ಟೇಜ್ 14.1ರಿಂದ 12.3ಕ್ಕೆ ಇಳಿಯಿತು. ಮರುದಿನ ಸಂಜೆ ಹೆಬ್ಬಾಳ ಮೇಲ್ಸೇತುವೆಯ ನಟ್ಟನಡುವೆ ಗಾಡಿ ನಿಂತುಹೋಯಿತು. ಎಳೆದೊಯ್ಯಲು 4,500, ಹೊಸ ಬ್ಯಾಟರಿಗೆ 14,800.

ಹಣಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಬೇರೆ. ಕಾರ್ಖಾನೆಯ ಪುಲ್ಲಿಯಲ್ಲಿ ಕ್ರ್ಯಾಂಕಿನ ತಿರುಚು ಕಂಪನವನ್ನು ನುಂಗುವ ರಬ್ಬರ್ ಡ್ಯಾಂಪರ್ ಇತ್ತು. ಅದನ್ನು ಕಿತ್ತು ಬರೀ ಲೋಹದ ಚಕ್ರ ಹಾಕಿದರೆ ಪೆಟ್ಟು ಬೇರಿಂಗ್‌ಗಳಿಗೆ, ಆಯಿಲ್ ಪಂಪಿನ ಗೇರ್‌ಗಳಿಗೆ. ಗ್ಯಾರೇಜಿನವನು ಈ ಬಗ್ಗೆ ಬಾಯಿ ಬಿಡಲಿಲ್ಲ. ಹಳೆಯದನ್ನೇ ಮರಳಿ ಕೂರಿಸಲು ಹೊಸ ಬೋಲ್ಟ್ ಬೇಕು, ಬಿಚ್ಚಿದ್ದನ್ನು ಮತ್ತೆ ಬಿಗಿಯುವಂತಿಲ್ಲ. ಆ ಒಂದು ಬೋಲ್ಟ್‌ಗಾಗಿ 19 ದಿನ ಕಾದೆ.

ಬಸವನಗುಡಿ: ಮಸ್ಟಾಂಗ್ ಅನುಭವವನ್ನು ಬಾಕ್ಸ್‌ಸ್ಟರ್‌ಗೆ ಏಕೆ ಅಂಟಿಸುತ್ತೀರಿ? ನಿಮ್ಮ ಗಾಡಿಯಲ್ಲಿ ಪವರ್ ಸ್ಟೀರಿಂಗ್ ವಿದ್ಯುತ್ತಿನದು, ಬೆಲ್ಟಿಗೆ ಆ ಹೊರೆಯೇ ಇಲ್ಲ. ನಮ್ಮ ತಲೆಮಾರಿನ ಬಾಕ್ಸ್‌ಸ್ಟರ್, ಅಂದರೆ 987ರಲ್ಲಿ, ಸ್ಟೀರಿಂಗ್ ಪಂಪನ್ನೂ ಬೆಲ್ಟೇ ತಿರುಗಿಸಬೇಕು. ನನ್ನ ಬಾಕ್ಸ್‌ಸ್ಟರ್ ಎಸ್‌ಗೆ ಚಿಕ್ಕ ಪುಲ್ಲಿ ಹಾಕಿಸಿ 3 ವರ್ಷ, 22,000 ಕಿ.ಮೀ. ಆಯಿತು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಮೊದಲೆಲ್ಲ ಸ್ಟೀರಿಂಗ್ ಎಣ್ಣೆ ಕಾದು ಉಕ್ಕಿ ಬರುತ್ತಿತ್ತು. ಈಗ ಪಂಪ್ ನಿಧಾನವಾಗಿ ತಿರುಗುವುದರಿಂದ ಒಂದು ಹನಿಯೂ ಚೆಲ್ಲಿಲ್ಲ. ಶಕ್ತಿ ಅಳೆಯುವ ಡೈನೊ ಯಂತ್ರದಲ್ಲಿ 6 ಎಚ್‌ಪಿ ಹೆಚ್ಚು ಬಂದಿದೆ, ಕಾಗದ ನನ್ನ ಬಳಿ ಇದೆ.

ಯಲಹಂಕ: ಆ ಕಾಗದದ ವಿಷಯ ನನಗೂ ಗೊತ್ತು. ಮೊದಲ ಅಳತೆ ಏಪ್ರಿಲ್ ಮಧ್ಯಾಹ್ನ, ಎರಡನೆಯದು ಡಿಸೆಂಬರ್ ಬೆಳಿಗ್ಗೆ ಎಂದು ಕಳೆದ ಸಲ ನೀವೇ ಹೇಳಿದ್ದಿರಿ. ತಂಪುಗಾಳಿಯೊಂದೇ ಸಾಕು 6 ಎಚ್‌ಪಿ ತೋರಿಸಲು! 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಎಂಜಿನ್ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಂಡೇ ಓಡುತ್ತದೆ. ಅದನ್ನು ಪುಲ್ಲಿಯಿಂದ ತುಂಬಿಸಲಾಗದು. ನನ್ನ ನಿಸಾನ್ 370ಝೆಡ್‌ಗೆ ಪುಲ್ಲಿ ಬಿಟ್ಟು ಟೈರ್, ಬ್ರೇಕ್ ಪ್ಯಾಡ್‌ಗಳಿಗೆ 1,12,000 ಕೊಟ್ಟೆ. ಒಂದು ರೂಪಾಯಿಯೂ ದಂಡವಾಗಿಲ್ಲ.

ಬಸವನಗುಡಿ: ಟ್ರ್ಯಾಕ್‌ಗೆ ಒಮ್ಮೆಯೂ ಬಾರದವರು ನನ್ನ ಅಳತೆಯನ್ನು ತೂಗುವುದು ಬೇಡ. ಆ ಟೈರ್‌ಗಳನ್ನು ನಂದಿ ರಸ್ತೆಯಲ್ಲಿ ಸವೆಸುತ್ತಿದ್ದೀರಿ, ಅಷ್ಟೇ.

ಯಲಹಂಕ: ನಂದಿ ರಸ್ತೆಯ ಮಾತು ನನ್ನ ಹತ್ತಿರ ಆಡಬೇಡಿ ಸ್ವಾಮಿ. ನನ್ನ ಮನೆ ಇರುವುದೇ ಆ ದಾರಿಯಲ್ಲಿ. ಭಾನುವಾರ ಐದು ಗಂಟೆಗೆ ಹಾಲಿನ ಗಾಡಿ, ದ್ರಾಕ್ಷಿ ತುಂಬಿದ ಟೆಂಪೊಗಳ ನಡುವೆ ನುಗ್ಗಿ ಹೋಗುವವರು ಇಂಥ ಪುಲ್ಲಿ, ಎಕ್ಸಾಸ್ಟ್ ಹಾಕಿಸಿದವರೇ. ನಮ್ಮ ತಂದೆ ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದಾರೆ.

ರಾಜಾಜಿನಗರ: ನಾನೂ ಹಾಕಿಸಿದ್ದೆ. ಒಮ್ಮೆಯೂ ಹಾಗೆ ಓಡಿಸಿಲ್ಲ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ.

ಪ್ರಶ್ನೆ ಕೇಳಿದವರು: ದಯವಿಟ್ಟು ಜಗಳ ಬಿಡಿ. ಎಂಜಿನ್ ಇಳಿಸಬೇಕೇ ಎಂದು ಇನ್ನೂ ಯಾರೂ ಹೇಳಿಲ್ಲ.

ಬಸವನಗುಡಿ: ಬೇಕಿಲ್ಲ. ಸೀಟುಗಳ ಹಿಂದಿನ ಕಾರ್ಪೆಟ್ ಸರಿಸಿ ಮುಚ್ಚಳ ಬಿಚ್ಚಿದರೆ ಬೆಲ್ಟ್ ಕೈಗೇ ಸಿಗುತ್ತದೆ. ಬೆಲ್ಟ್ ಮಾತ್ರ ಪುಲ್ಲಿ ತಯಾರಕರು ಹೇಳಿದ ಉದ್ದದ್ದೇ ಇರಲಿ. ಜೆ.ಸಿ. ರಸ್ತೆಯಲ್ಲಿ ಅಂದಾಜಿನಲ್ಲಿ ಕೊಟ್ಟ ಎರಡು ಬೆಲ್ಟ್‌ಗಳು ಜಾರಿ 3,600 ನೀರುಪಾಲಾಯಿತು. ಚಾರ್ಜಿಂಗ್ ಕೇಳಿದಿರಲ್ಲ, ವಾರಕ್ಕೊಮ್ಮೆ ರಾತ್ರಿಯಿಡೀ ಮನೆಯಲ್ಲಿ ಬ್ಯಾಟರಿಗೆ ಚಾರ್ಜರ್ ಹಾಕುತ್ತೇನೆ. ಟ್ರ್ಯಾಕ್ ಗಾಡಿಗೆ ಅದು ದೊಡ್ಡ ಮಾತಲ್ಲ.

ರಾಜಾಜಿನಗರ: ವಾರಕ್ಕೊಮ್ಮೆ ಚಾರ್ಜರ್! ಇವರು ದಿನವೂ ಹೊರವರ್ತುಲ ರಸ್ತೆಯಲ್ಲಿ ನಿಲ್ಲುವವರು. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು ನೀವು.